ಆಕಿನ್ನ ಕೇಳ್ರಿ

ಧಾರವಾಡ, ಕೆಲಗೇರಿ ರಸ್ತೆ
29 ಸೆಪ್ಟೆಂಬರ್ 2025

ಮಗಳು ಪೂನಮ್‌ಗೆ, ಜೈಭೀಮ್.

ಎಲ್ಲರೂ ಕ್ಷೇಮ ಎಂದು ಪತ್ರ ಶುರು ಮಾಡುವುದು ರೂಢಿ. ಮೂರು ದಿನದಿಂದ ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡಿರುವವನು ಹಾಗೆ ಬರೆದರೆ ಸುಳ್ಳಾಗುತ್ತದೆ, ಬಿಡು.

ಧಾರವಾಡದಿಂದ ಹುಬ್ಬಳ್ಳಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ನೀನು ನಗುತ್ತಿರಬೇಕು. ನಗು. ಫೋನಿನಲ್ಲಿ ನೀನು ಹೇಳುವುದು ನನಗೆ ಕೇಳಿಸುವುದಿಲ್ಲ, ನಾನು ಕೂಗುವುದು ಓಣಿಗೆಲ್ಲ ಕೇಳಿಸುತ್ತದೆ. ಇದು ಓಣಿಗೆ ಕೇಳಿಸುವಂಥ ವಿಷಯವಲ್ಲ.

ನಿನ್ನ ಅವ್ವ ಶನಿವಾರ ನಿನ್ನ ಮನೆಗೆ ಬಂದಳಲ್ಲ, ಮೊಮ್ಮಕ್ಕಳನ್ನು ನೋಡಬೇಕೆನಿಸಿತು ಎಂದು ಹೇಳಿರಬಹುದು. ಅದು ನಿಜವಲ್ಲ. ನನ್ನ ಮೇಲೆ ಸಿಟ್ಟು ಮಾಡಿಕೊಂಡು ಬಂದಿದ್ದಾಳೆ. ಶುಕ್ರವಾರ ಸಮೀಕ್ಷೆಯ ಟೀಚರ್ ನಮ್ಮ ಮನೆಗೆ ಬಂದಿದ್ದರು. ಶಾಂಭವಿ ಎಂದು ಹೆಸರು, ಸಣ್ಣ ವಯಸ್ಸು, ಮಾತು ಮೆತ್ತಗೆ. ನೀನೂ ಅಲ್ಲಿ ಅದೇ ಕೆಲಸಕ್ಕೆ ಮನೆ ಮನೆ ತಿರುಗುತ್ತಿರುವುದರಿಂದ ನಿನಗೆ ವಿವರಿಸಬೇಕಾಗಿಲ್ಲ. ಮನೆಯಲ್ಲಿ ಯಾರ್ಯಾರು, ಏನು ಓದಿದ್ದಾರೆ, ಯಾವ ಜಾತಿ, ಯಾವ ಧರ್ಮ. ನಾನು ಕುರ್ಚಿ ಹಾಕಿ ಕೂರಿಸಿ ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟೆ. ನನ್ನ ಧರ್ಮ ಬೌದ್ಧ ಎಂದೆ. ಅವರು ನಿನ್ನ ಅವ್ವನ ಹೆಸರು ತೆಗೆದು "ಇವರದ್ರಿ ಸರ್?" ಎಂದರು. "ಅದನ್ನ ಬರಕೋರಿ" ಎಂದೆ. ಅಷ್ಟರಲ್ಲಿ ಅಡಿಗೆಮನೆಯಿಂದ ದನಿ ಬಂತು: "ನನ್ನ ಯಾರೂ ಕೇಳೇ ಇಲ್ಲಲಾ?" ನಾನು ಟೀಚರಿಗೆ, "ಆಕೀಗೇನ ತಿಳೀತೈತ್ರಿ, ನೀವು ಬರಕೋರಿ" ಎಂದೆ. ಇಷ್ಟೇ ನಡೆದದ್ದು. ಬರೆದುಕೊಳ್ಳುವ ಹೊತ್ತಿಗೆ ಅವರ ಮೊಬೈಲಿನ ಆಪ್ ಕೆಟ್ಟು ನಿಂತಿತು. ನಿನ್ನ ಅವ್ವ ಸಾವಕ್ಕನ ವಯಸ್ಸು, ಓದು, ಕೆಲಸವನ್ನೆಲ್ಲ ನಾನು ಹೇಳಿ ಬರೆಸಿದ್ದೆ, ಧರ್ಮದ ಹತ್ತಿರ ಬಂದು ಮುಂದೆ ಹೋಗಲೊಲ್ಲದು. ಇನ್ನೊಮ್ಮೆ ಬರುತ್ತೇನೆ ಎಂದು ಹೋದರು.

ಮರುದಿನ ಬೆಳಿಗ್ಗೆ ನಿನ್ನ ಅವ್ವ ನಾಲ್ಕು ಸೀರೆ ಬ್ಯಾಗಿಗೆ ಹಾಕಿದಳು. ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟುಕೊಂಡಿದ್ದಳಲ್ಲ, ಎಲ್ಲಮ್ಮನ ಪಡಲಗಿ ಎಂದು ಹುಣ್ಣಿಮೆಗೊಮ್ಮೆ ಅನ್ನ, ಹೋಳಿಗೆ ತುಂಬಿಸಿ ಪೂಜೆ ಮಾಡುವ ಬಿದಿರಿನ ಬುಟ್ಟಿ, ಅದನ್ನೂ ತೆಗೆದುಕೊಂಡಳು. ಬುಟ್ಟಿ ಹೋಯಿತೆಂದರೆ ಇದು ಎರಡು ದಿನದ ಸಿಟ್ಟಲ್ಲ ಎಂದು ನನಗೂ ತಿಳಿಯಿತು.

ನಾನು ದೀಕ್ಷೆ ತೆಗೆದುಕೊಂಡು ಇಪ್ಪತ್ತೆರಡು ವರ್ಷವಾಯಿತು. ಅವಳೂ ಬಿಳಿ ಸೀರೆ ಉಟ್ಟು ನನ್ನ ಜೊತೆ ವಿಹಾರಕ್ಕೆ ಬಂದಿದ್ದವಳೇ. ಇಷ್ಟು ವರ್ಷ ಬುಟ್ಟಿಯ ವಿಷಯ ನಾನೂ ಎತ್ತಲಿಲ್ಲ. ಈಗ ಒಂದು ಶಬ್ದ ಬರೆಸಿದ್ದಕ್ಕೆ ಮನೆ ಬಿಟ್ಟು ಹೋಗುವುದು ಯಾವ ನ್ಯಾಯ? ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡ ದಿನವೆಂದು ವಿಜಯದಶಮಿಗೆ ವಿಹಾರಕ್ಕೆ ಎಲ್ಲರೂ ದಂಪತಿ ಸಮೇತ ಬರುತ್ತಾರೆ. ಅಷ್ಟರೊಳಗೆ ಕಳಿಸಿಕೊಡು.

ನಿನ್ನ ಅಪ್ಪ,
ಮಹಾದೇವಪ್ಪ


ಹುಬ್ಬಳ್ಳಿ, ಅಮರಗೋಳ
4 ಅಕ್ಟೋಬರ್ 2025

ಅಪ್ಪಾ,

ಲಕೋಟೆ ಒಡೆಯುವಾಗ ಬನ್ನಿ ಎಲೆ ಉದುರಿದರೆ ಗಾಬರಿಯಾಗಬೇಡಿ, ಅವ್ವ ಇಟ್ಟದ್ದು. "ಬನ್ನಿ ತಗೊಂಡು ಬಂಗಾರದಂಗ ಇರ್ರಿ ಅಂತ ಬರಿ" ಎಂದಳು. ಆಮೇಲೆ, "ಬರೀಬ್ಯಾಡ ತಗಿ, ಎಲಿ ಇಟ್ಟರ ಅವರಿಗೆ ತಿಳೀತೈತಿ" ಎಂದಳು. ನಾನು ಎರಡನ್ನೂ ಮಾಡಿದ್ದೇನೆ.

ವಿಜಯದಶಮಿಗೆ ಅವಳನ್ನು ಕಳಿಸಲಾಗಲಿಲ್ಲ. ಹೊರಡು ಎಂದೆ, ಹೊರಡಲಿಲ್ಲ. ಇಲ್ಲಿ ಅವಳು ಚೆನ್ನಾಗಿದ್ದಾಳೆ. ನಿಮ್ಮ ಅಳಿಯ ವಿಶಾಲ ವರ್ಕ್‌ಶಾಪಿನಿಂದ ಬಂದವನೇ ಒಲೆಯ ಹತ್ತಿರ ಕೂತು ಬಿಸಿ ರೊಟ್ಟಿ ತಿನ್ನುತ್ತಾನೆ. "ಅತ್ತಿ ದೀಪಾವಳಿ ತನಾ ಇರ್ಲಿ" ಎನ್ನುತ್ತಾನೆ. ಅದು ಹೊಟ್ಟೆಯ ಮಾತು, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನನಗೆ ಸಮೀಕ್ಷೆಗೆ ಕೊಟ್ಟಿರುವುದು ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಗಳು. ಇಲ್ಲೇ ಇಷ್ಟು ವರ್ಷ ಇದ್ದೂ ಹುಬ್ಬಳ್ಳಿಯಲ್ಲಿ ಎಂಥೆಂಥ ಮಂದಿ ಇದ್ದಾರೆ ಎಂದು ನನಗೆ ಗೊತ್ತಿರಲಿಲ್ಲ ಅಪ್ಪಾ. ಹಮಾಲರು, ದಲಾಲರು, ಮಾರವಾಡಿಗಳು, ಆಂಧ್ರದಿಂದ ಗಾರೆ ಕೆಲಸಕ್ಕೆ ಬಂದು ಇಲ್ಲೇ ಮಕ್ಕಳ ಮದುವೆ ಮಾಡಿದವರು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಗುಲ್ಜಾರಬಿ ಎಂಬ ಅಜ್ಜಿಯನ್ನು ತಾಯಿಭಾಷೆ ಯಾವುದೆಂದು ಕೇಳಿದೆ. "ಮನ್ಯಾಗ ಉರ್ದು, ಯಾರ್ಡಿನ್ಯಾಗ ಕನ್ನಡ. ನಮ್ಮವ್ವ ಮಿರಜದಾಕಿ, ಆಕಿ ಬಯ್ಯೂದೆಲ್ಲಾ ಮರಾಠಿ. ಇದರಾಗ ತಾಯಿದು ಯಾವುದು ನೀವ ಹೇಳ್ರಿ ಟೀಚರ" ಎಂದಳು. ಹತ್ತಿ ವ್ಯಾಪಾರದ ನೀಲಕಂಠಪ್ಪನವರ ಮನೆಯಲ್ಲಿ ಅಣ್ಣ ತಮ್ಮ ಒಂದೇ ಜೋಕಾಲಿಯ ಮೇಲೆ ಕೂತು ಅಣ್ಣ ಒಂದು ಧರ್ಮ ಹೇಳಿದರು, ತಮ್ಮ ಇನ್ನೊಂದು ಹೇಳಿದರು. ದನಿ ಏರಿತು. ಬೇರೆ ಬೇರೆ ಬರೆದುಕೊಂಡೆ. ಆಮೇಲೆ ಇಬ್ಬರೂ ಒಂದೇ ತಾಟಿನಲ್ಲಿ ಅವಲಕ್ಕಿ ತಿಂದರು. ಉತ್ತರಪ್ರದೇಶದ ಪೇಂಟರುಗಳು ಎಂಟು ಜನ ಒಂದೇ ಖೋಲಿಯಲ್ಲಿ ಇರುತ್ತಾರೆ. ಮನೆಯ ಯಜಮಾನ ಯಾರು ಎಂದರೆ ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಅಡಿಗೆ ಮಾಡುವವನನ್ನು ಮುಂದೆ ತಳ್ಳಿದರು. ಆ ಲೆಕ್ಕದಲ್ಲಿ ಕೆಲಗೇರಿ ರಸ್ತೆಯ ಮನೆಗೆ ಯಜಮಾನರು ಯಾರಾಗಬೇಕು, ನೀವೇ ಯೋಚಿಸಿ.

ಇನ್ನೊಂದು ಮಾತು. ಕಳೆದ ವಾರದಿಂದ ನೋಡುತ್ತಿದ್ದೇನೆ, ನಾವು ಕೇಳುವುದು ಮನೆಯವರನ್ನೆಲ್ಲ, ಉತ್ತರ ಹೇಳುವುದು ಗಂಡಸರು. ಹೆಂಡತಿಯ ವಯಸ್ಸನ್ನೂ ಅವರೇ ಹೇಳುತ್ತಾರೆ, ಅದೂ ತಪ್ಪು ಹೇಳುತ್ತಾರೆ. ಹೆಂಗಸರು ಬಾಗಿಲ ಸಂದಿಯಲ್ಲಿ ನಿಂತು ತಮ್ಮ ವಿಷಯವನ್ನು ಯಾರದೋ ವಿಷಯದ ಹಾಗೆ ಕೇಳಿಸಿಕೊಳ್ಳುತ್ತಾರೆ. ಈಗ ನಾನು ಅವರನ್ನು ಹೊರಗೆ ಕರೆದು ಕೂರಿಸಿಕೊಂಡೇ ಕೇಳುತ್ತೇನೆ. ಒಂದೊಂದು ಮನೆಗೆ ತಡವಾಗುತ್ತದೆ. ಆಗಲಿ.

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಧರ್ಮದ ಮಾತು ಬಂದಾಗ ನಕ್ಕುಬಿಟ್ಟಳು. "ಅವರು ಬೌದ್ಧ ಅಂತ ಬರಸಿದ್ದಕ್ಕ ನಾ ಸಿಟ್ಟಾಗೇನಿ ಅಂತ ತಿಳಕೊಂಡಾರೇನು? ನಿಮ್ಮಪ್ಪ ಅಷ್ಟ ಓದ್ಯಾರ, ಇದೊಂದ ತಿಳೀಲಿಲ್ಲ. ತಿಳೀಲಿ, ಅಲ್ಲೀತನಾ ಇಲ್ಲೇ ಇರ್ತೇನಿ" ಎಂದಳು.

ಬಿಪಿ ಗುಳಿಗೆ ಕನ್ನಡಿಯ ಹಿಂದಿನ ಡಬ್ಬಿಯಲ್ಲಿದೆಯಂತೆ. ಇದನ್ನೂ ಅವಳೇ ಬರೆಸಿದ್ದು.

ನಿಮ್ಮ
ಪೂನಮ್


ಧಾರವಾಡ
8 ಅಕ್ಟೋಬರ್ 2025

ಪೂನಮ್,

ಬನ್ನಿ ಎಲೆ ಬಂತು. ಬಾಬಾಸಾಹೇಬರ ಫೋಟೋದ ಕೆಳಗೆ ಇಟ್ಟಿದ್ದೇನೆ. ಯಾಕೆ ಎಂದು ಕೇಳಬೇಡ, ಬೇರೆ ಎಲ್ಲಿಡಬೇಕೋ ತಿಳಿಯಲಿಲ್ಲ. ಗುಳಿಗೆಯೂ ಸಿಕ್ಕಿತು.

ವಿಹಾರದಲ್ಲಿ ಎಲ್ಲರೂ "ಸಾವಕ್ಕಾರ ಬರಲಿಲ್ಲೇನ್ರಿ?" ಎಂದು ಕೇಳಿದರು. ಮೊಣಕಾಲು ನೋವು ಎಂದೆ. ಅಷ್ಟು ಜನರ ನಡುವೆ ಕೂತು ಪಂಚಶೀಲ ಹೇಳುವಾಗ, ಸುಳ್ಳು ಹೇಳುವುದಿಲ್ಲ ಎಂಬ ಮಾತು ಬಂತು. ನಾನು ಆ ಸಾಲನ್ನು ಮೆಲ್ಲಗೆ ಹೇಳಿದೆ.

ಶಾಂಭವಿ ಟೀಚರ್ ನಿನ್ನೆ ಮತ್ತೆ ಬಂದಿದ್ದರು. "ಅಮ್ಮಾರದ ಒಂದ ಉಳದೈತ್ರಿ ಸರ್. ಅವತ್ತ ಹೇಳಿದಂಗ ಬರದು ಮುಗಿಸಿಬಿಡ್ಲೇನ್ರಿ?" ಎಂದರು. ಹೂಂ ಎನ್ನಲು ಬಾಯಿ ತೆರೆದೆ. ಏನೋ ಅಡ್ಡ ಬಂತು. "ದೀಪಾವಳಿ ಆಗ್ಲಿ ಬರ್ರಿ" ಎಂದು ಕಳಿಸಿದೆ.

ನೀನು ನಿನ್ನ ಓಣಿಯ ಕತೆಗಳನ್ನು ಹೇಳಿ ನನ್ನನ್ನು ಚುಚ್ಚಿದ್ದು ತಿಳಿಯಿತು. ನನ್ನ ಕಡೆಯ ಮಾತನ್ನೂ ಕೇಳು. ಆ ಬುಟ್ಟಿ ಕಂಡರೆ ನನಗೆ ಯಾಕೆ ಆಗುವುದಿಲ್ಲ ಎಂದು ನಿನಗೆ ಪೂರ್ತಿ ಹೇಳಿಲ್ಲ. ನಿನ್ನ ಸೋದರತ್ತೆ ಯಮನವ್ವ ನಿನ್ನ ಹುಟ್ಟಿಗೆ ಮುಂಚೆಯೇ ತೀರಿಹೋದಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವಳಿಗೆ ಒಂಬತ್ತು ವರ್ಷವಿದ್ದಾಗ, ಮನೆಯಲ್ಲಿ ಗಂಡು ಮಗು ಉಳಿಯಲೊಲ್ಲದು ಎಂದು ಹರಕೆ ಹೊತ್ತು ಎಲ್ಲಮ್ಮನ ಹೆಸರಿನಲ್ಲಿ ಅವಳ ಕೊರಳಿಗೆ ಮುತ್ತು ಕಟ್ಟಿದರು. ದೇವಿಗೆ ಬಿಟ್ಟ ಹುಡುಗಿಗೆ ಮದುವೆಯಿಲ್ಲ. ಊರ ಉಳ್ಳವರು ಅವಳನ್ನು ಹೇಗೆ ನಡೆಸಿಕೊಳ್ಳುತ್ತಿದ್ದರು ಎಂದು ಮಗಳಿಗೆ ಬರೆಯಲು ನನ್ನ ಕೈ ಏಳುವುದಿಲ್ಲ. ಮರುವರ್ಷ ನಾನು ಹುಟ್ಟಿದೆ, ಉಳಿದೆ. ನನ್ನ ಜೀವ ಉಳಿಯಲಿ ಎಂದು ಅವಳ ಜೀವನ ತೆಗೆದುಕೊಂಡರು. ದೊಡ್ಡವಳಾದ ಮೇಲೆ ಅದನ್ನೆಲ್ಲ ಕಿತ್ತೊಗೆದು ಗರಗದ ಖಾದಿ ಕೇಂದ್ರಕ್ಕೆ ನೂಲು ನೂತು ಬದುಕಿದಳು. ನನ್ನ ಪುಸ್ತಕ, ನನ್ನ ಫೀ, ಮೊದಲ ಪ್ಯಾಂಟು, ಎಲ್ಲ ಆ ನೂಲಿನ ಕೂಲಿಯಲ್ಲಿ ಬಂದದ್ದು.

ಈಗ ಹೇಳು. ಆ ದೇವಿಯ ಹೆಸರನ್ನು ನನ್ನ ಮನೆಯಲ್ಲಿ ಹೇಗೆ ಬರೆಸಲಿ? ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಬುಟ್ಟಿಯ ಮೇಲಿದೆ. ಅದನ್ನು ಅವಳಿಗೆ ಹೇಳು.

ಮಹಾದೇವಪ್ಪ


ಅಮರಗೋಳ
13 ಅಕ್ಟೋಬರ್ 2025

ಅಪ್ಪಾ,

ನಿಮ್ಮ ಪತ್ರವನ್ನು ನಿನ್ನೆ ಮಧ್ಯಾಹ್ನ ಓದಿ ಹೇಳಿದೆ. ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ಯಮನವ್ವ ಅತ್ತೆಯ ಹೆಸರು ಬಂದ ಕೂಡಲೇ ಕೈ ನಿಂತಿತು. ಓದಿ ಮುಗಿಸುವ ತನಕ ಸೊಪ್ಪು ಮುಟ್ಟಲಿಲ್ಲ. ಆಮೇಲೆ ಹೇಳತೊಡಗಿದಳು. ನಾನು ನನ್ನ ಮಾತು ಸೇರಿಸದೆ ಅವಳು ಹೇಳಿದ್ದನ್ನೇ ಬರೆಯುತ್ತೇನೆ.

"ಆ ಬುಟ್ಟಿ ಯಾರದು ಅಂತ ನಿಮ್ಮಪ್ಪ ಎಂದರ ಕೇಳ್ಯಾರೇನು? ಅದು ಯಮನಕ್ಕಂದು.

"ನಾ ಲಗ್ನಾಗಿ ಗರಗಕ್ಕ ಬಂದಾಗ ನಿಮ್ಮಪ್ಪ ಧಾರವಾಡದಾಗ ಮಾಸ್ತರಿಕಿ ಕಲಿಯಾಕ ಹೋಗಿದ್ರು. ತಿಂಗಳಿಗೊಮ್ಮೆ ಬರ್ತಿದ್ರು, ಬಂದ್ರೂ ಪುಸ್ತಕದಾಗ ಮಾರಿ. ನಾ ಸಂಸಾರ ಮಾಡಿದ್ದು ಯಮನಕ್ಕನ ಜೋಡಿ. ರಾಟಿ ತಿರುವೂದು ಕಲಿಸಿದಾಕಿ ಆಕಿ. ಜ್ವರ ಬಂದ್ರ ತಲಿ ಒತ್ತಿದಾಕಿ ಆಕಿ. ನಮ್ಮವ್ವನ ನೆನಪಾಗಿ ಅತ್ತರ ಸೆರಗಿನ್ಯಾಗ ಬೆಲ್ಲ ಕಟಗೊಂಡು ಬಂದು ತಿನಸ್ತಿದ್ಲು. ಹುಣ್ಣಿಮಿಗೊಮ್ಮೆ ಪಡಲಗಿ ತುಂಬಸ್ತಿದ್ಲು. ಒಮ್ಮೆ ನಾನ ಕೇಳಿದೆ, ಯಕ್ಕಾ, ಈಕಿ ಹೆಸರ್ಲೆ ನಿನ್ನ ಬಾಳೆ ಹಾಳ ಮಾಡ್ಯಾರ, ಮತ್ತ ಈಕೀಗೇ ಉಣಸ್ತೀಯಲಾ ಅಂತ. ನಕ್ಕಳು. ಹಾಳ ಮಾಡಿದ್ದು ಮನಷ್ಯಾರವ್ವ, ಆಕಿ ಏನ ಮಾಡಿದ್ಲು? ಆಕೀಗೂ ಗಂಡ ಮಗನ ಕಡಿಂದ ತಲಿ ಕಡಿಸ್ಯಾನ. ನಾವಿಬ್ಬರೂ ಒಂದ ಥರದಾಕ್ಯಾರು, ಮಾತಾಡ್ಕೊಂತ ಇರ್ತೇವಿ ಅಂದ್ಲು. ಸಾಯೂ ಮುಂದ ಆ ಬುಟ್ಟಿ ನನ್ನ ಕೈಯಾಗ ಕೊಟ್ಟು, ಆಕಿನ್ನ ಉಪಾಸ ಇಡಬ್ಯಾಡ ಸಾವಕ್ಕಾ ಅಂದ್ಲು. ನಾ ದೇವರು ಐತೋ ಇಲ್ಲೋ ಅಂತ ಕುಂತು ವಿಚಾರ ಮಾಡಿದಾಕಿ ಅಲ್ಲ. ಬುಟ್ಟಿ ತುಂಬಿಸಿದಾಗೆಲ್ಲ ನಾ ಉಣಸೂದು ಯಮನಕ್ಕಗ."

ಇಷ್ಟು ಹೇಳಿ ಎದ್ದು ಹೋಗಿ ಸೊಪ್ಪು ತೊಳೆದಳು. ಮುಗಿಯಿತೆಂದು ನಾನು ಅಂದುಕೊಂಡೆ. ತಿರುಗಿ ಬಂದು ಕೂತಳು.

"ಎಂಬತ್ತೊಂದರಾಗ ಜನಗಣತಿಯವರು ಮನಿಗೆ ಬಂದಿದ್ರು. ಮಾವ ಕಟ್ಟಿ ಮ್ಯಾಲ ಕುಂತಿದ್ರು. ತಮ್ಮ ಹೆಸರು ಬರಸಿದ್ರು, ಅತ್ತೀದು ಬರಸಿದ್ರು, ನಿಮ್ಮಪ್ಪಂದು ಬರಸಿದ್ರು, ನಂದು ಬರಸಿದ್ರು. ಮತ್ತ ಯಾರರ ಅದಾರೇನ್ರಿ ಅಂತ ಆ ಸಾಹೇಬ್ರು ಕೇಳಿದ್ರು. ಇಲ್ರಿ, ಇಷ್ಟ ಮಂದಿ ಅಂದ್ರು. ಒಳಗ ಯಮನಕ್ಕ ನೂಲಾಕತ್ತಿದ್ಲು. ರಾಟಿ ಸಪ್ಪಳ ನಿಂತಿತು. ಸಾಹೇಬ್ರು ಹೋದ ಮ್ಯಾಲ ಮತ್ತ ಶುರುವಾತು. ಗಂಡನ ಹೆಸರು ಏನಂತ ಹೇಳೂದು ಅಂತ ಮಾವಗ ನಾಚಿಕಿ ಬಂದಿರಬೇಕು. ಆಕಿ ದುಡದ ಜೋಳದ ರೊಟ್ಟಿ ತಿಂದು ಕುಂತಿದ್ರು, ಅದಕ್ಕ ನಾಚಿಕಿ ಬರಲಿಲ್ಲ. ಮನ್ಯಾಗ ಇಲ್ಲದ ನಿಮ್ಮಪ್ಪನ್ನ ಬರಸಿದ್ರು, ಮನ್ಯಾಗ ಇದ್ದಾಕಿನ್ನ ಬಿಟ್ರು. ನಾ ಹೊಸಾ ಸೊಸಿ, ಮಾವನ ಮುಂದ ಬಾಯಿ ತಗಿಯೂ ಹಂಗ ಇರಲಿಲ್ಲ.

"ಮೊನ್ನೆ ಟೀಚರ ಮುಂದ 'ಆಕೀಗೇನ ತಿಳೀತೈತಿ' ಅಂದ್ರಲಾ, ನನಗ ನಿಮ್ಮಪ್ಪನ ದನಿ ಕೇಳಲಿಲ್ಲ. ಮಾವನ ದನಿ ಕೇಳಿಸಿತು. ನಿಮ್ಮಪ್ಪಗ ನಾ ಎಂದೂ ಅಂಜಿದಾಕಿ ಅಲ್ಲ. ಅದಕ್ಕ ಅವರ ಮ್ಯಾಲ ನನಗ ಅಷ್ಟು ಜೀವ. ಈ ವಯಸ್ಸಿನ್ಯಾಗ ಅವರಿಗೂ ಅಂಜಬೇಕಾತಲಾ ಅಂತ ಸಂಕಟಾತು."

ಅಪ್ಪಾ, ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುತ್ತಿಲ್ಲ. ಮನೆ ಮನೆಗೆ ಹೋಗಿ "ಇಷ್ಟೇ ಜನಾನ್ರಿ?" ಎಂದು ಕೇಳಿ ಮುಂದೆ ಹೋಗುತ್ತಿದ್ದೆ. ಇವತ್ತು ಒಂದೊಂದು ಮನೆಯಲ್ಲೂ ಒಳಗೆ ಏನಾದರೂ ಸಪ್ಪಳ ನಿಂತಿತೇ ಎಂದು ಕಿವಿಗೊಡುವಂತಾಯಿತು.

ಪೂನಮ್


ಧಾರವಾಡ
17 ಅಕ್ಟೋಬರ್ 2025

ಪೂನಮ್,

ನಿನ್ನ ಪತ್ರ ಬಂತು. ಅಪ್ಪ ಅಕ್ಕನ ಹೆಸರು ಬರೆಸಿರಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ.

ಈಗ ಬರೆಯಲಾರೆ. ದೀಪಾವಳಿಯನ್ನು ನೀವೆಲ್ಲ ಚೆನ್ನಾಗಿ ಮಾಡಿ.

ಅಪ್ಪ


ಧಾರವಾಡ
23 ಅಕ್ಟೋಬರ್ 2025

ಸಾವಕ್ಕ,

ನಲವತ್ತಾರು ವರ್ಷದಲ್ಲಿ ನಿನ್ನ ಹೆಸರಿಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಪೂನಮ್, ಅವ್ವನಿಗೆ ಇದನ್ನು ಪೂರ್ತಿ ಓದಿ ಹೇಳು, ನಡುವೆ ನಿನ್ನ ಟೀಕೆ ಬೇಡ.

ಒಂದು ವಾರ ಅಕ್ಕನ ವಿಷಯವೇ ತಲೆಯಲ್ಲಿತ್ತು. ಅವಳ ಮೇಲೆ ಆದ ಅನ್ಯಾಯವೆಲ್ಲ ನನಗೆ ಗೊತ್ತು ಎಂದು ಸಭೆಗಳಲ್ಲಿ ಭಾಷಣ ಮಾಡಿದ್ದೇನೆ. ಅವಳು ಒಳಗೆ ಕೂತು ತನ್ನ ಹೆಸರು ಬರುತ್ತದೆಯೇ ಎಂದು ಕಾದದ್ದು ನನಗೆ ಗೊತ್ತಿರಲಿಲ್ಲ. ಅವಳ ಹೆಸರು ಇರಬೇಕಾದ ಜಾಗದಲ್ಲಿ ಊರಲ್ಲೇ ಇಲ್ಲದ ನಾನು ಇದ್ದೆ.

ನಾನು ಮೂವತ್ತಾರು ವರ್ಷ ಸಾಲಿಯಲ್ಲಿ ಹಾಜರಿ ಕರೆದವನು. ಹೆಸರು ಕರೆದರೆ ಆಯಾ ಹುಡುಗನೇ ಎದ್ದು "ಹಾಜರ್ ಸರ್" ಎನ್ನಬೇಕು. ಪಕ್ಕದವನು ಕೂಗಿದರೆ ಇಬ್ಬರನ್ನೂ ಹೊರಗೆ ನಿಲ್ಲಿಸುತ್ತಿದ್ದೆ. ಅವತ್ತು ಟೀಚರ್ ನಿನ್ನ ಹೆಸರು ಕರೆದಾಗ ಪಕ್ಕದವನ ಹಾಗೆ ನಾನು ಕೂಗಿದೆ. ಮೇಲಾಗಿ ನಿನಗೆ ತಿಳಿಯುವುದಿಲ್ಲ ಎಂದೆ. ತಪ್ಪಾಯಿತು ಸಾವಕ್ಕ. ನನಗೆ ತಿಳಿದದ್ದಕ್ಕಿಂತ ಹೆಚ್ಚು ನಿನಗೆ ತಿಳಿದಿತ್ತು.

ಎಲ್ಲಮ್ಮನ ಹೆಸರಿನಲ್ಲಿ ನಡೆದದ್ದರ ಮೇಲಿನ ನನ್ನ ಸಿಟ್ಟು ಹೋಗಿಲ್ಲ, ಹೋಗುವುದೂ ಇಲ್ಲ. ಹೋಗಿದೆ ಎಂದು ನಿನ್ನನ್ನು ಕರೆಸಿಕೊಳ್ಳಲು ಸುಳ್ಳು ಬರೆಯಲಾರೆ. ಅದು ಅಕ್ಕನ ಬುಟ್ಟಿ ಎಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಶಾಂಭವಿ ಟೀಚರ್ ಇವತ್ತು ಮೂರನೆಯ ಸಲ ಬಂದರು. ಪಾಪ, ನಮ್ಮದೊಂದು ಮನೆ ಅರ್ಧಕ್ಕೆ ನಿಂತು ಅವರಿಗೆ ಮೇಲಿನವರಿಂದ ಮಾತು ಬರುತ್ತಿದೆ. "ಇವತ್ತರ ಹೇಳ್ರಿ ಸರ್, ಅಮ್ಮಾರಿಗೆ ಏನ ಬರೀಲಿ?" ಎಂದರು. "ಆಕಿನ್ನ ಕೇಳ್ರಿ. ನನ್ನ ಕೇಳಬ್ಯಾಡ್ರಿ" ಎಂದೆ. ಅವರು ನನ್ನ ಮುಖ ನೋಡಿದರು. ಮುಂದಿನ ಗುರುವಾರ, ಮೂವತ್ತನೇ ತಾರೀಖು ಕೊನೆಯ ಸಲ ಬರುತ್ತಾರೆ. ನೀನು ಬಾ. ನಿನ್ನ ಬಾಯಿಂದ ಏನು ಹೇಳುತ್ತೀಯೋ ಹೇಳು. ನಾನು ಗೇಟಿನ ಹೊರಗೆ ನಿಂತಿರುತ್ತೇನೆ.

ರೊಟ್ಟಿಗಾಗಿ ಕರೆಯುತ್ತಿದ್ದೇನೆ ಎಂದುಕೊಳ್ಳಬೇಡ. ರೊಟ್ಟಿ ಖಾನಾವಳಿಯಲ್ಲಿ ಸಿಗುತ್ತದೆ. ನೀನಿಲ್ಲದೆ ನನಗೆ ಆಗುವುದಿಲ್ಲ. ಸಂಜೆಯಾದರೆ ಮನೆಯೊಳಗೆ ಬರಲು ಮನಸ್ಸಾಗುವುದಿಲ್ಲ.

ನಿನ್ನ
ಮಹಾದೇವಪ್ಪ


ಅಮರಗೋಳ
26 ಅಕ್ಟೋಬರ್ 2025

ಮಾಸ್ತರಿಗೆ ಸಾವಕ್ಕ ಹೇಳಿ ಬರಸಿದ್ದು.

ನಿಮ್ಮ ಕಾಗದ ಎರಡ ಸಲ ಓದಿಸಿ ಕೇಳೇನಿ. ಪೂನಮ್ ನಡಕ ನಗಲಿಲ್ಲ, ಅತ್ತಳು.

ನಿಮ್ಮ ಸಿಟ್ಟು ನಿಮಗಿರಲಿ. ಅಕ್ಕನ ಸಲುವಾಗಿ ನೀವು ಸಿಟ್ಟಾಗ್ತೀರಿ, ಅಕ್ಕನ ಸಲುವಾಗಿ ನಾ ಬುಟ್ಟಿ ತುಂಬಸ್ತೇನಿ. ಎರಡೂ ಆಕೀಗೇ ಮುಟ್ಟತಾವ. ಇದಕ್ಕ ಜಗಳ ಯಾಕ.

ಬುಧವಾರ ಚಿಗರಿ ಬಸ್ಸಿಗೆ ಬರ್ತೇನಿ. ಹನ್ನೊಂದಕ್ಕ ಸ್ಟಾಪಿಗೆ ಬರ್ರಿ, ಗಂಟು ಭಾಳ ಅದಾವ. ಪೂನಮ್ ಕರ್ಚಿಕಾಯಿ ಮಾಡಿ ಕೊಟ್ಟಾಳ, ಖಾನಾವಳಿ ಉಂಡು ನೀವು ಎಷ್ಟು ಸೊರಗೀರೋ ಏನೋ. ಅಲ್ಲೀ ಪಲ್ಯಾಕ್ಕ ಉಪ್ಪು ಜಾಸ್ತಿ ಹಾಕ್ತಾರ, ಉಣಬ್ಯಾಡ್ರಿ.

ಗೇಟಿನ ಹೊರಗ ನಿಂದರೂದೇನೂ ಬೇಕಾಗಿಲ್ಲ. ಮಂದಿ ನೋಡಿದ್ರ ಹೆಂಡ್ತಿ ಹೊರಗ ಹಾಕ್ಯಾಳ ಅಂತಾರ. ಒಳಗ ನನ್ನ ಬಾಜೂಕ ಕುಂದರ್ರಿ. ಬಾಯಿ ಮುಚಗೊಂಡು ಕುಂದರ್ರಿ, ಅಷ್ಟ ಸಾಕು.

ಸಾವಕ್ಕ

(ಅಪ್ಪಾ, ಹೆಸರನ್ನು ಅವಳೇ ಬರೆದಿದ್ದಾಳೆ. ನಾನು ಬರೆಯುತ್ತೇನೆ ಎಂದರೆ ಪೆನ್ನು ಕಸಿದುಕೊಂಡಳು. — ಪೂನಮ್)


ಧಾರವಾಡ
1 ನವೆಂಬರ್ 2025

ಪೂನಮ್‌ಗೆ, ಜೈಭೀಮ್.

ನಿನ್ನ ಅವ್ವ ಬಂದು ಮುಟ್ಟಿದಳು. ಬುಧವಾರ ಹನ್ನೊಂದಕ್ಕೆ ಎಂದಿದ್ದಳು, ನಾನು ಹತ್ತಕ್ಕೇ ಸ್ಟಾಪಿನಲ್ಲಿ ಕೂತಿದ್ದೆ. ಬಸ್ಸಿನಿಂದ ಇಳಿದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಗಿಗೆ ಇಸ್ತ್ರಿ ಮಾಡೂದೂ ಬಿಟ್ಟೀರೇನು?" ಎಂದಳು. ಅಷ್ಟೇ ನಮ್ಮ ಕುಶಲ ಪ್ರಶ್ನೆ. ಬ್ಯಾಗನ್ನು ನನ್ನ ಕಡೆ ಚಾಚಿದಳು. ನಾನು ಇನ್ನೊಂದು ಕೈಯಲ್ಲಿದ್ದ ಬುಟ್ಟಿಯನ್ನು ತೆಗೆದುಕೊಂಡೆ. ಅವಳು ಒಂದು ಕ್ಷಣ ಬಿಡಲಿಲ್ಲ, ಆಮೇಲೆ ಬಿಟ್ಟಳು. ದಾರಿಯಲ್ಲಿ ವಿಹಾರದ ಕಾರ್ಯದರ್ಶಿ ಎದುರಾದರು. ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. "ನಮ್ಮಕ್ಕನ ಸಾಮಾನರಿ" ಎಂದೆ. ಸುಳ್ಳು ಹೇಳಲಿಲ್ಲ.

ಗುರುವಾರ ಶಾಂಭವಿ ಟೀಚರ್ ಬಂದರು. ನಿನ್ನ ಅವ್ವ ಇಳಕಲ್ ಸೀರೆ ಉಟ್ಟು, ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಳು. ನಾನು ಬಾಜೂಕ್ಕೆ ಬಾಯಿ ಮುಚ್ಚಿಕೊಂಡು ಕೂತೆ. ವಯಸ್ಸು ಕೇಳಿದರು. ಅರವತ್ತನಾಲ್ಕು ಎಂದಳು. ನಾನು ಅರವತ್ತೊಂದು ಎಂದು ಬರೆಸಿದ್ದೆ. ಸಾಲಿ ಎಷ್ಟು ಎಂದರು. "ಎರಡನೇತ್ತೆ, ಆಮ್ಯಾಲ ಸಗಣಿ ಬಳಿಯಾಕ ಬಿಡಿಸಿದ್ರು" ಎಂದಳು. ಏನು ಕೆಲಸ ಮಾಡುತ್ತಿದ್ದಿರಿ ಎಂದರು. ನೂಲುತ್ತಿದ್ದೆ, ಕಳೆ ತೆಗೆಯುತ್ತಿದ್ದೆ, ಮಾಸ್ತರ ಪಗಾರ ಬರುವ ತನಕ ಮನೆ ನಡೆಸಿದವರು ನಾವೇ ಎಂದಳು. ಅದೆಲ್ಲವನ್ನೂ ನಾನು "ಮನೆಗೆಲಸ" ಎಂದು ಬರೆಸಿದ್ದೆ. ಟೀಚರ್ ತಿದ್ದುತ್ತ ಹೋದರು. ನನ್ನ ಹೆಂಡತಿಯ ವಿಷಯದಲ್ಲಿ ನಾನು ಫೇಲಾಗುವುದನ್ನು ಕುರ್ಚಿಯ ಮೇಲೆ ಕೂತು ನೋಡಿದೆ.

ಮುಂದಿನದು ಧರ್ಮದ ಪ್ರಶ್ನೆ ಎಂದು ನನಗೆ ಗೊತ್ತಿತ್ತು. ನಾನು ಎದ್ದೆ. "ಎಲ್ಲಿಗೆ ಹೊಂಟ್ರಿ?" ಎಂದಳು. "ಹಾಲ ತರ್ತೇನಿ, ಟೀಚರಿಗೆ ಚಾ ಬೇಕಲಾ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಅಂಗಡಿಯ ಹತ್ತಿರ ಬೇಕೆಂದೇ ತಡ ಮಾಡಿದೆ. ಅವಳು ಏನು ಬರೆಸಿದಳೆಂದು ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ. ನೀನೂ ಕೇಳಬೇಡ, ಕೇಳಿದರೂ ನನಗೆ ಹೇಳಬೇಡ.

ಹಾಲು ಹಿಡಿದು ಬಾಗಿಲಿಗೆ ಬರುವಾಗ ಟೀಚರ್ ಮುಗಿಸುತ್ತಿದ್ದರು. "ಎಲ್ಲಾ ಮುಗೀತ್ರಿ ಅಮ್ಮಾರ. ಮನ್ಯಾಗ ಮತ್ತ ಯಾರರ ಬರಸೂದ ಉಳದೈತೇನ್ರಿ?" ಎಂದರು.

"ಯಮನವ್ವ ಅಂತ ಒಬ್ಬಾಕಿ ಅದಾಳ್ರಿ" ಎಂದಳು ನಿನ್ನ ಅವ್ವ.

ಟೀಚರ್ ಹೆಸರನ್ನು ಒತ್ತತೊಡಗಿದರು. "ಏನಾಗಬೇಕ್ರಿ ನಿಮಗ?"

"ಮಾಸ್ತರ ಅಕ್ಕ ರೀ."

"ವಯಸ್ಸರಿ?"

"ಆಕಿ ಸತ್ತು ನಲವತ್ತ ವರ್ಷಾತ್ರಿ."

ಟೀಚರ ಕೈ ನಿಂತಿತು. ಪಾಪ, ಬಹಳ ಮೆತ್ತಗೆ ಹೇಳಿದರು: "ಸತ್ತವರನ್ನ ಬರಕೊಳ್ಳಾಕ ಬರೂದಿಲ್ರಿ ಅಮ್ಮಾರ."

"ಬದುಕಿದ್ದಾಗೂ ಬರಕೊಳ್ಳಲಿಲ್ರೀ" ಎಂದಳು.

ಟೀಚರ್ ಮೊಬೈಲನ್ನು ಕೆಳಗಿಟ್ಟರು. ನಿನ್ನ ಅವ್ವನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು. ನಾನು ಹಾಲಿನ ಪಾಕೀಟು ಹಿಡಿದು ಹೊಸ್ತಿಲಲ್ಲೇ ನಿಂತಿದ್ದೆ. ಚಹಾ ನಾನೇ ಮಾಡಿದೆ, ಸಕ್ಕರೆ ಹೆಚ್ಚಾಯಿತು, ಇಬ್ಬರೂ ಕುಡಿದರು.

ಅವರು ಹೋದ ಮೇಲೆ ಊಟಕ್ಕೆ ಕೂತೆವು. ಇಷ್ಟು ವರ್ಷ ಅವಳನ್ನು ಕೇಳಬೇಕಾಗಿದ್ದ ಒಂದು ಮಾತನ್ನು ಆಗ ಕೇಳಿದೆ. ದೊಡ್ಡವನಾದ ಮೇಲೆ ನಾನು ಅಕ್ಕನನ್ನು ಕಂಡದ್ದು ರಜೆಯಲ್ಲಿ, ಅದೂ ಕೈಯಲ್ಲಿ ಪುಸ್ತಕ ಹಿಡಿದುಕೊಂಡು. ಅವಳ ಜೊತೆ ಆರು ವರ್ಷ ಬದುಕಿದವಳು ನನ್ನ ಎದುರಿಗೇ ಇದ್ದಳು. "ಸಾವಕ್ಕಾ, ಅಕ್ಕ ಹೆಂಗಿದ್ಲು, ಹೇಳು" ಎಂದೆ.

ರೊಟ್ಟಿ ಮುರಿಯುತ್ತಿದ್ದವಳು ನನ್ನನ್ನೇ ನೋಡಿದಳು. ಆಮೇಲೆ ಶುರುವಾಯಿತು. ಅಕ್ಕನಿಗೆ ಕಪ್ಪೆ ಕಂಡರೆ ಜೀವ ಹೋಗುತ್ತಿತ್ತಂತೆ. ಹಸಿ ಮೆಣಸಿನಕಾಯಿಯನ್ನು ಉಪ್ಪಿನಲ್ಲಿ ಅದ್ದಿ ಕಡಿದು ತಿನ್ನುತ್ತಿದ್ದಳಂತೆ. ರಜೆ ಮುಗಿಸಿ ನಾನು ಬಸ್ಸು ಹತ್ತಿದ ಮೇಲೆ ನನ್ನ ನಡಿಗೆಯನ್ನು ಅಣಕಿಸಿ ನಗಿಸುತ್ತಿದ್ದಳಂತೆ. ಹೇಗೆ ಎಂದೆ. ನಿನ್ನ ಅವ್ವ ಎಂಜಲು ಕೈಯಲ್ಲೇ ಎದ್ದು, ಬಗಲಲ್ಲಿ ಪುಸ್ತಕ ಇಟ್ಟುಕೊಂಡವರ ಹಾಗೆ ಕುತ್ತಿಗೆ ಎತ್ತಿ, ಹಿಂದಿನ ಬಾಗಿಲ ತನಕ ನಡೆದು ತೋರಿಸಿದಳು. ಎಷ್ಟು ನಕ್ಕೆವೆಂದರೆ ನನಗೆ ಅಳು ಬಂತು. ಅವಳು ಒರೆಸಲಿಲ್ಲ, ಸುಮ್ಮನಿರಿ ಎನ್ನಲಿಲ್ಲ, ಬಂದು ಬಾಜೂಕ್ಕೆ ಕೂತು ಮತ್ತೆ ಹೇಳತೊಡಗಿದಳು.

ಊಟ ಮುಗಿಯುವಾಗ ಹೊತ್ತು ಇಳಿದಿತ್ತು. ಆ ಹೊತ್ತಿನಲ್ಲಿ ಟೀಚರ್ ತಿರುಗಿ ಬಂದು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ್ದರೆ, ನಾನು ಮೂರು ಎಂದುಬಿಡುತ್ತಿದ್ದೆ ಮಗಳೇ.

ನಿನ್ನ ಅಪ್ಪ,
ಮಹಾದೇವಪ್ಪ